ತರಗತಿ ಮುಗಿದ ಬಳಿಕದ ಶಿಕ್ಷಣ

(ಪದವಿ ಶಿಕ್ಷಣಕ್ಕೆ ಅಣಿಯಾಗುತ್ತಿರುವ ವಿದ್ಯಾರ್ಥಿಗಳು ಮತ್ತು ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಪಿಯುಸಿ ಫಲಿತಾಂಶ ಬಂದೊಡನೆ ನಮ್ಮ ಮನೆಗಳಲ್ಲಿ ಮೂರು ಪ್ರಶ್ನೆಗಳು ಏಳುತ್ತವೆ. ಶುಲ್ಕವೆಷ್ಟು? ಕಟ್ಟಡ ಹೇಗಿದೆ? ಕೆಲಸ ಸಿಗುತ್ತದೆಯೇ? ಮೂರೂ ನ್ಯಾಯವಾದ ಪ್ರಶ್ನೆಗಳೇ. ಸಾಲ ಮಾಡಿ ಓದಿಸುವ ತಂದೆಗೆ ಅವುಗಳನ್ನು ಕೇಳುವ ಹಕ್ಕಿದೆ. ಆದರೆ ನಾಲ್ಕನೆಯದೊಂದು ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ: ತರಗತಿ ಮುಗಿದ ಬಳಿಕ ಅಲ್ಲಿನ ವಿದ್ಯಾರ್ಥಿಗಳು ಏನು ಮಾಡುತ್ತಾರೆ? ಡಿಜಿಟಲ್ ವಿನ್ಯಾಸ ಮತ್ತು ವಾಣಿಜ್ಯವನ್ನು ಆಯ್ದುಕೊಳ್ಳುವವರಿಗಂತೂ ಇದು ಬಹಳ ಮುಖ್ಯ. ಏಕೆಂಬುದನ್ನು ಫಿನ್‌ಲ್ಯಾಂಡಿನ ಆಲ್ಟೊ ವಿಶ್ವವಿದ್ಯಾನಿಲಯದ ಉದಾಹರಣೆಯಿಂದ ವಿವರಿಸಬಯಸುತ್ತೇನೆ.

ಹೆಲ್ಸಿಂಕಿ ಪರಿಸರದಲ್ಲಿ ತಂತ್ರಜ್ಞಾನಕ್ಕೊಂದು, ವಾಣಿಜ್ಯಕ್ಕೊಂದು, ಕಲೆ ಮತ್ತು ವಿನ್ಯಾಸಕ್ಕೊಂದು ಎಂಬಂತೆ ಮೂರು ವಿದ್ಯಾಸಂಸ್ಥೆಗಳಿದ್ದುವು. 2010ರಲ್ಲಿ ಮೂರನ್ನೂ ವಿಲೀನಗೊಳಿಸಿ ಆಲ್ಟೊವನ್ನು ಸ್ಥಾಪಿಸಲಾಯಿತು. ವಸ್ತುವನ್ನು ತಯಾರಿಸುವವನು, ಅದಕ್ಕೆ ರೂಪ ಕೊಡುವವನು ಮತ್ತು ಮಾರುವವನು ಪರಸ್ಪರರ ಭಾಷೆಯನ್ನು ಅರಿಯಬೇಕೆಂಬುದು ಇದರ ಹಿಂದಿನ ವಿಚಾರ. ಕಾಗದದ ಮೇಲಿನ ವಿಲೀನ ಒಂದೇ ದಿನದಲ್ಲಿ ನಡೆಯಿತು. ಆದರೆ ವಿನ್ಯಾಸ ಮತ್ತು ವಾಣಿಜ್ಯ ವಿಭಾಗಗಳು ಓಟನಿಯೆಮಿಯ ಆವರಣಕ್ಕೆ ಪೂರ್ಣವಾಗಿ ಬಂದು ಸೇರಲು 2019 ಬರಬೇಕಾಯಿತು. ಜೊತೆಯಾಗಿ ಬದುಕುವುದು ಆದೇಶದಿಂದ ಆಗುವ ಕೆಲಸವಲ್ಲ.

ಮೊಬೈಲಿನ ಒಂದು ತಂತ್ರಾಂಶವನ್ನೇ ತೆಗೆದುಕೊಳ್ಳಿ. ಲೆಕ್ಕಾಚಾರ ಸರಿಯಾಗಿದ್ದರೂ ವೃದ್ಧರಿಗೆ ಒತ್ತಬೇಕಾದ ಗುಂಡಿ ಕಾಣಿಸದಿದ್ದರೆ ಅದು ನಿಷ್ಪ್ರಯೋಜಕ. ಗುಂಡಿ ಕಂಡರೂ ನಡೆಸುವ ಖರ್ಚು ಹುಟ್ಟದಿದ್ದರೆ ಅದು ಮುಚ್ಚಿಹೋಗುತ್ತದೆ. ಆದ್ದರಿಂದಲೇ ಆಲ್ಟೊದ ಉತ್ಪನ್ನಾಭಿವೃದ್ಧಿ ಪಾಠಕ್ರಮದಲ್ಲಿ ಕಂಪೆನಿಯೊಂದು ನಿಜವಾದ ಸಮಸ್ಯೆಯನ್ನು ಮುಂದಿಡುತ್ತದೆ. ಬೇರೆ ಬೇರೆ ವಿಭಾಗಗಳ ವಿದ್ಯಾರ್ಥಿಗಳು ತಂಡವಾಗಿ ಶೈಕ್ಷಣಿಕ ವರ್ಷವಿಡೀ ದುಡಿದು ಅದಕ್ಕೊಂದು ಮಾದರಿಯನ್ನು ತಯಾರಿಸುತ್ತಾರೆ. ವಾದಿಸುವುದು, ಒಪ್ಪುವುದು, ಇನ್ನೊಬ್ಬನ ಮಾತಿಗೆ ಕಿವಿಗೊಡುವುದು ಎಲ್ಲವೂ ಅಲ್ಲಿ ಪಾಠಗಳೇ.

ಈ ಸಾಮುದಾಯಿಕ ಬದುಕಿನ ಬೇರುಗಳು ಹಳೆಯವು. ದ್ವಿತೀಯ ಮಹಾಯುದ್ಧದ ಬಳಿಕ ಮನೆಗಳ ಅಭಾವವಿದ್ದಾಗ ತಂತ್ರಜ್ಞಾನದ ವಿದ್ಯಾರ್ಥಿಗಳು ಓಟನಿಯೆಮಿಯಲ್ಲಿ ತಮ್ಮದೇ ವಿದ್ಯಾರ್ಥಿ ಗ್ರಾಮವನ್ನು ಕಟ್ಟಲು ಮುಂದಾದರು. 1952ರ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ಕ್ರೀಡಾಪಟುಗಳು ತಂಗಿದ್ದು ಅಲ್ಲಿಯೇ. 1966ರಲ್ಲಿ ಡಿಪೋಲಿ ಎಂಬ ವಿಶಾಲ ವಿದ್ಯಾರ್ಥಿ ಭವನವೂ ತಲೆಯೆತ್ತಿತು. ಈಗಲೂ ಸಾವಿರಾರು ವಿದ್ಯಾರ್ಥಿಗಳಿಗೆ ಬಾಡಿಗೆ ಮನೆಗಳನ್ನು ಒದಗಿಸುವುದು ವಿದ್ಯಾರ್ಥಿ ಸಂಘವೇ. 2009ರಲ್ಲಿ ವಿದ್ಯಾರ್ಥಿಗಳು ಉದ್ಯಮಶೀಲತಾ ಸಂಘವೊಂದನ್ನು ಹುಟ್ಟುಹಾಕಿದರು. ಹೆಲ್ಸಿಂಕಿಯಲ್ಲಿ ಹಿರಿಯರು ಸಣ್ಣದಾಗಿ ಆರಂಭಿಸಿದ್ದ 'ಸ್ಲಶ್' ಉದ್ಯಮ ಸಮಾವೇಶದ ಹೊಣೆಯನ್ನು 2011ರಲ್ಲಿ ವಿದ್ಯಾರ್ಥಿಗಳು ವಹಿಸಿಕೊಂಡು ಅದನ್ನು ಜಗತ್ಪ್ರಸಿದ್ಧಗೊಳಿಸಿದರು.

ಇವೆಲ್ಲಕ್ಕಿಂತ ನನ್ನ ಗಮನ ಸೆಳೆದದ್ದು ಅದೇ ಸಂಘದವರು 2010ರ ಅಕ್ಟೋಬರ್ 13ರಂದು ಆರಂಭಿಸಿದ 'ವೈಫಲ್ಯ ದಿನ'. ಸೋಲನ್ನು ಮುಚ್ಚಿಡದೆ ಬಹಿರಂಗವಾಗಿ ಹೇಳಿಕೊಳ್ಳುವ ದಿನವದು. ನಮ್ಮಲ್ಲಿ ಒಂದು ವಿಷಯದಲ್ಲಿ ಅನುತ್ತೀರ್ಣನಾದ ಹುಡುಗ ನೆಂಟರ ಮದುವೆಗೂ ಬರುವುದಿಲ್ಲ. ಸೋಲಲು ಅವಕಾಶವಿಲ್ಲದ ಮನೆಯಿಂದ ಹೊಸತನ್ನು ನಿರ್ಮಿಸುವವನು ಹೇಗೆ ತಾನೇ ಹೊರಬಂದಾನು?

ಎಲ್ಲವನ್ನೂ ಅನುಕರಿಸಬೇಕೆಂದು ನಾನು ಹೇಳುತ್ತಿಲ್ಲ. ಅಲ್ಲಿನ ವಿದ್ಯಾರ್ಥಿ ಹಬ್ಬಗಳಲ್ಲಿ ಮದ್ಯಕ್ಕೂ ಸ್ಥಾನವಿದೆ; ಅದು ನಮಗೆ ಬೇಡ. ಫಿನ್‌ಲ್ಯಾಂಡಿನಲ್ಲಿ ಶಿಕ್ಷಣ ಉಚಿತವೆಂಬ ಮಾತನ್ನು ನಂಬಿ ಹೊರಡುವುದೂ ಬೇಡ. ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ, ಅಂದರೆ ನಮ್ಮ ಮಕ್ಕಳಿಗೆ, 2017ರಿಂದ ಇಂಗ್ಲಿಷ್ ಮಾಧ್ಯಮದ ಪದವಿಗಳಿಗೆ ಶುಲ್ಕವಿದೆ.

ಆದರೆ ಕಲಿಯಬೇಕಾದ್ದನ್ನು ಕಲಿಯಲು ವಿಮಾನ ಹತ್ತಬೇಕಿಲ್ಲ. ನಮ್ಮ ಹೆಣ್ಣುಮಕ್ಕಳು ಇಂದು ಪ್ರತಿಭೆಯಿಂದಲೇ ವಿನ್ಯಾಸ ತರಗತಿಗಳಿಗೆ ಪ್ರವೇಶ ಪಡೆಯುತ್ತಾರೆ. ಆದರೆ ಕೊನೆಯ ಗಂಟೆ ಬಾರಿಸಿದ ತಕ್ಷಣ ಬಸ್ಸು ಹತ್ತಬೇಕಾಗುತ್ತದೆ. ತಂಡದ ಕೆಲಸ ಆರಂಭವಾಗುವುದೇ ಆಗ! ಅವರ ಸುರಕ್ಷೆಯ ಕುರಿತ ನಿಮ್ಮ ಕಾಳಜಿ ಸಹಜ. ಹಾಗಿದ್ದರೆ ಸುರಕ್ಷಿತ ವಸತಿಗಾಗಿ, ಸಂಜೆಯ ವಾಹನಕ್ಕಾಗಿ ಪೋಷಕರೆಲ್ಲ ಒಟ್ಟಾಗಿ ಆಡಳಿತ ಮಂಡಳಿಯನ್ನು ಒತ್ತಾಯಿಸಬಾರದೇಕೆ? ಮಗಳನ್ನು ಮನೆಗೆ ಕರೆಯುವುದೊಂದೇ ಪರಿಹಾರವೇ?

ಮುಂದಿನ ಬಾರಿ ಕಾಲೇಜಿನ ಕಚೇರಿಯಲ್ಲಿ ಕುಳಿತಾಗ ನಾಲ್ಕನೆಯ ಪ್ರಶ್ನೆಯನ್ನೂ ಕೇಳಿರಿ: ಇಲ್ಲಿ ವಿದ್ಯಾರ್ಥಿಗಳೇ ಹೊಣೆ ಹೊತ್ತು ನಡೆಸುವ ಕೆಲಸ ಯಾವುದು, ಅದರಲ್ಲಿ ನನ್ನ ಮಗಳಿಗೂ ಪಾಲಿದೆಯೇ? ಉತ್ತರ ಕೇಳಿದ ಮೇಲೆ ಶುಲ್ಕದ ಮಾತನಾಡಿರಿ.