ಉದ್ರಿ ಕೊಡುವ ಅಂಗಡಿ, ರಿಯಾಯಿತಿ ಕೊಡುವ ಕಂಪನಿ

(ಬೆಂಗಳೂರಿನಿಂದ ಬಂದಿದ್ದ ಕನ್ನಡ ಕಾರ್ಯಕರ್ತ ಯುವಕರ ಎದುರು ಗೊರೇಬಾಳದಲ್ಲಿ ಆಡಿದ ಮಾತುಗಳ ಬರಹ ರೂಪ)



ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ನಮ್ಮೂರಿಗೆ ಬಂದಿದ್ದೀರಿ. ನಿಮ್ಮಲ್ಲಿ ಬಹಳ ಮಂದಿ ಗೊರೇಬಾಳ ಅನ್ನೋ ಹೆಸರು ಕೇಳಿದ್ದೇ ಈ ಸಭೆಯ ಕರಪತ್ರದಲ್ಲಿ ಅಂತ ನನಗೆ ಗೊತ್ತು. ಬೇಸರವಿಲ್ಲ. ಸಿಂಧನೂರು ಸೀಮೆ ನಿಮ್ಮ ಅಡುಗೆ ಮನೆಗೆ ಯಾವತ್ತೋ ಬಂದು ಕೂತಿದೆ. ನೀವು ಉಣ್ಣುವ ಸೋನಾ ಮಸೂರಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದು ಬೆಳೆದದ್ದು. ಚೀಲದ ಮೇಲೆ ನಮ್ಮ ಊರಿನ ಹೆಸರಿರುವುದಿಲ್ಲ, ಅಷ್ಟೆ.

ದೊಡ್ಡ ರಿಯಾಯಿತಿ ಅಂಗಡಿಗಳು ಮತ್ತು ಕನ್ನಡಿಗ ಎಂದು ವಿಷಯ ಕೊಟ್ಟಿದ್ದೀರಿ. ನಾನು ಅಂಗಡಿಯಿಂದ ಶುರು ಮಾಡುವುದಿಲ್ಲ, ಚೀಲದಿಂದ ಶುರು ಮಾಡುತ್ತೇನೆ.

2021ರ ಜನವರಿ ನೆನಪಿದೆಯಾ? ದಿಲ್ಲಿಯ ಗಡಿಯಲ್ಲಿ ಪಂಜಾಬಿನ ರೈತರು ಚಳಿಯಲ್ಲಿ ಕೂತಿದ್ದರು. ಆ ತಿಂಗಳ 4ರಂದು ರಿಲಯನ್ಸ್ ಕಂಪನಿ ಒಂದು ಹೇಳಿಕೆ ಕೊಟ್ಟಿತು. ನಾವು ಗುತ್ತಿಗೆ ಕೃಷಿ ಮಾಡಿಲ್ಲ, ರೈತರಿಂದ ನೇರವಾಗಿ ಧಾನ್ಯ ಕೊಳ್ಳುವುದೂ ಇಲ್ಲ ಎಂದು. ಒಂದು ವಾರ ಕಳೆಯುವಷ್ಟರಲ್ಲಿ ಪತ್ರಿಕೆಗಳಲ್ಲಿ ನಮ್ಮ ಸಿಂಧನೂರಿನ ಸುದ್ದಿ ಬಂತು. ರಿಲಯನ್ಸ್ ರೀಟೇಲ್ ಇಲ್ಲಿ 1,000 ಕ್ವಿಂಟಲ್ ಸೋನಾ ಮಸೂರಿ ಭತ್ತ ಕೊಳ್ಳಲು ಒಪ್ಪಂದ ಮಾಡಿಕೊಂಡಿತ್ತು. ನೇರವಾಗಿ ಅಲ್ಲ, ನಡುವೆ ಸಿಂಧನೂರಿನದೇ ಒಂದು ರೈತರ ಉತ್ಪಾದಕ ಕಂಪನಿ ಇತ್ತು. ಹಾಗಾಗಿ ಹೇಳಿಕೆಯೂ ಉಳಿಯಿತು, ಭತ್ತವೂ ಸಿಕ್ಕಿತು. ಇದನ್ನು ಜಾಣತನ ಅನ್ನಬೇಕೋ ಏನನ್ನಬೇಕೋ ನೀವೇ ಹೇಳಿ.

ದರ ಕ್ವಿಂಟಲಿಗೆ 1,950 ರೂಪಾಯಿ. ಆ ವರ್ಷದ ಬೆಂಬಲ ಬೆಲೆ 1,868. ಅಂದರೆ 82 ರೂಪಾಯಿ ಹೆಚ್ಚು. ಒಳ್ಳೆಯದೇ ಅಲ್ಲವೇ? ದಿಲ್ಲಿಯ ಟಿವಿಯವರು ಕುಣಿದಾಡಿದರು. ಆದರೆ ಕರಾರಿನ ಉಳಿದ ಸಾಲುಗಳನ್ನೂ ಓದಬೇಕು. ತೇವಾಂಶ ಶೇಕಡಾ 16ಕ್ಕಿಂತ ಕಡಿಮೆ ಇರಬೇಕು. ಚೀಲಕ್ಕೆ ತುಂಬುವ ಖರ್ಚು, ಸಿಂಧನೂರಿನ ಗೋದಾಮಿಗೆ ಸಾಗಿಸುವ ಖರ್ಚು ರೈತನದು. ಇಲ್ಲಿ ಭತ್ತ ಕೊಯ್ಯುವುದು ಯಂತ್ರ. ಯಂತ್ರ ಕೊಯ್ದ ಭತ್ತ ಹಸಿಯಾಗಿರುತ್ತದೆ. ಒಣಗಿಸಲು ಕಣ ಎಲ್ಲಿದೆ? ಸುಗ್ಗಿ ಕಾಲದಲ್ಲಿ ಬಂದರೆ ನೋಡುತ್ತೀರಿ, ಡಾಂಬರು ರಸ್ತೆಯ ಅರ್ಧಕ್ಕೆ ಭತ್ತ ಹರವಿರುತ್ತಾರೆ, ರಾತ್ರಿ ಅದರ ಪಕ್ಕದಲ್ಲೇ ಮಲಗಿರುತ್ತಾರೆ. ಒಣಗಿದಷ್ಟೂ ತೂಕ ಇಳಿಯುತ್ತದೆ. ಆ 82 ರೂಪಾಯಿಯಲ್ಲಿ ಇವನ್ನೆಲ್ಲ ಕಳೆಯಿರಿ.

ಇನ್ನೊಂದು ಲೆಕ್ಕ. 1,000 ಕ್ವಿಂಟಲ್ ಅಂದರೆ 75 ಕಿಲೋದ ಸುಮಾರು 1,333 ಚೀಲ. ಎಕರೆಗೆ 35 ಚೀಲ ಹಿಡಿದರೂ ನಲವತ್ತು ಎಕರೆ ತುಂಬುವುದಿಲ್ಲ. ಕ್ಯಾಂಪಿನ ಒಬ್ಬಿಬ್ಬರು ದೊಡ್ಡ ಒಕ್ಕಲಿಗರ ಬೆಳೆ. ಹೆಚ್ಚುವರಿ ಕೊಟ್ಟ ಹಣ ಒಟ್ಟು 82,000 ರೂಪಾಯಿ. ಆ ಹಣಕ್ಕೆ ಕಂಪನಿಗೆ ಸಿಕ್ಕ ಪ್ರಚಾರ ದೇಶದ ಎಲ್ಲ ಭಾಷೆಯ ಪತ್ರಿಕೆಗಳ ತುಂಬ. ರೈತ ಸಂಘದ ಚಾಮರಸ ಮಾಲಿಪಾಟೀಲರು ಆಗಲೇ ಎಚ್ಚರಿಸಿದ್ದರು: ಮೊದಲು ಹೆಚ್ಚು ಬೆಲೆ ತೋರಿಸಿ ಮಾರುಕಟ್ಟೆಯನ್ನು ಸೊರಗಿಸುತ್ತಾರೆ, ಆಮೇಲೆ ತಮ್ಮ ದರಕ್ಕೆ ಎಳೆಯುತ್ತಾರೆ ಎಂದು.

ನಾನೀಗ ನಮ್ಮ ಗಂಜಿನ ಅಡತಿ ಅಂಗಡಿಯವರನ್ನು ಹೊಗಳುತ್ತೇನೆ ಅಂದುಕೊಂಡಿರಾ? ಇಲ್ಲ. ಗೊಬ್ಬರಕ್ಕೆ ಮುಂಗಡ ಕೊಟ್ಟು ಬಡ್ಡಿ ಮುರಿದುಕೊಂಡವರು, ತೂಕದಲ್ಲಿ ಸೂಟು ಕಡಿದವರು ಅಲ್ಲೇ ಇದ್ದಾರೆ. ಆದರೆ ಗಂಜಿನಲ್ಲಿ ಒಬ್ಬ ಸಾವಕಾರ ದರ ಇಳಿಸಿದರೆ ಪಕ್ಕದ ಅಂಗಡಿಗೆ ಹೋಗಬಹುದು. ಅಲ್ಲಿ ಹಮಾಲರಿದ್ದಾರೆ, ಅವರಿಗೊಂದು ಸಂಘವಿದೆ, ಚೀಲಕ್ಕೆ ಇಷ್ಟು ಎಂಬ ಕೂಲಿ ಇದೆ, ಜಗಳವಾದರೆ ಹೋಗಿ ಕೂರಲು ಒಂದು ಕಚೇರಿ ಇದೆ. ಕೊಳ್ಳುವವನು ಒಬ್ಬನೇ ಉಳಿದ ದಿನ ಯಾರ ಕಚೇರಿ ಮುಂದೆ ಕೂರುವುದು?

ಕಿರಾಣಿ ಅಂಗಡಿಯ ಮಾತಿಗೆ ಬರುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋಯಿತು. ತುಂಬಿದ್ದ ನೀರು ಹೊಳೆಯ ಪಾಲಾಗುತ್ತಿತ್ತು. ನಾಟಿ ಮಾಡಿದ ಭತ್ತ ಉಳಿಯುತ್ತದೋ ಇಲ್ಲವೋ ಎಂದು ಈ ಸೀಮೆಯಲ್ಲಿ ಆ ವಾರ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಗೇಟಿನ ಜಾಗಕ್ಕೆ ತಾತ್ಕಾಲಿಕ ತಡೆ ಇಳಿಸುವ ತನಕ ಎಲ್ಲರ ಬಾಯಲ್ಲೂ ಅದೇ ಮಾತು. ನಮ್ಮ ಕಾಕಾನದು ಸಣ್ಣ ಕಿರಾಣಿ ಅಂಗಡಿ. ಆ ವಾರ ನಾನೇ ಕೇಳಿದೆ, "ಕಾಕಾ, ಬೆಳಿ ಹೋದ್ರ ಈ ಉದ್ರಿ ಎಲ್ಲಾ ಮುಳುಗ್ತದಲ್ಲ, ಇನ್ನಾರ ನಿಲ್ಲಸು." ಕಾಕಾ ಖಾತೆ ಪುಸ್ತಕದಿಂದ ತಲೆ ಎತ್ತಲಿಲ್ಲ. "ತಮ್ಮಾ, ಅವ್ರು ಉಣ್ಣೂದು ನಿಲ್ಲಸ್ತಾರೇನು?" ಅಂದ. ಬರೆಯುತ್ತಾ ಹೋದ.

ಕಾಕಾ ಧರ್ಮಾತ್ಮನಲ್ಲ. ಉದ್ರಿ ಸಾಮಾನಿಗೆ ಒಂದೆರಡು ರೂಪಾಯಿ ಹೆಚ್ಚೇ ಹಿಡಿಯುತ್ತಾನೆ. ಆ ಹೆಚ್ಚು ರೂಪಾಯಿಯಲ್ಲಿ ಸುಗ್ಗಿಯ ತನಕ ಕಾಯುವ ಬೆಲೆ ಸೇರಿದೆ. ರಿಯಾಯಿತಿ ಅಂಗಡಿಯಲ್ಲಿ ಕಿಲೋಗೆ ಐದು ರೂಪಾಯಿ ಕಡಿಮೆ, ಖರೆ. ಆದರೆ ಅಲ್ಲಿ ಹಣ ಈಗಲೇ, ಈ ಕ್ಷಣವೇ. ತಿಂಗಳ ಸಂಬಳ ಬರುವವನಿಗೆ ಅದು ಲಾಭ. ವರ್ಷಕ್ಕೆ ಎರಡು ಸಲ, ಕೆಲವೊಮ್ಮೆ ಒಂದೇ ಸಲ ದುಡ್ಡು ನೋಡುವವನಿಗೆ? ಸಂಬಳದವರೆಲ್ಲ ಅಲ್ಲಿಗೆ ಹೋದ ಮೇಲೆ ಕಾಕಾನ ಗಲ್ಲೆಯಲ್ಲಿ ನಗದು ಉಳಿಯುವುದಿಲ್ಲ. ನಗದು ಇಲ್ಲದವನು ಉದ್ರಿ ಎಲ್ಲಿಂದ ಕೊಟ್ಟಾನು? ನಗರದಲ್ಲಿ ಕೂತು ಇದನ್ನು ಅಂಗಡಿಯವನ ಕಷ್ಟ ಎಂದಷ್ಟೇ ನೋಡುತ್ತಾರೆ. ಹಸಿವಾಗುವುದು ಕೂಲಿಯವಳಿಗೆ.

ಇನ್ನೊಂದು ಮಾತು, ಕನ್ನಡದ ಹುಡುಗರಾದ ನಿಮಗೆಂದೇ ಹೇಳುವುದು. ಈ ಸೀಮೆ ಅಚ್ಚ ಕನ್ನಡದ್ದಲ್ಲ. ಅಣೆಕಟ್ಟೆ ಆದ ಮೇಲೆ ಆಂಧ್ರದಿಂದ ಬಂದವರ ಕ್ಯಾಂಪುಗಳಿವೆ. ಸಿಂಧನೂರಿನ ಪಕ್ಕ ಬಂಗಾಲಿ ನಿರಾಶ್ರಿತರ ಕ್ಯಾಂಪುಗಳಿವೆ. ಅವರೆಲ್ಲ ಕಾಕಾನ ಅಂಗಡಿಯಲ್ಲಿ ಮಾತಾಡುವುದು ಕನ್ನಡವನ್ನೇ. ಯಾವ ಸರ್ಕಾರಿ ಆದೇಶವೂ ಕಲಿಸಲಿಲ್ಲ. ಉದ್ರಿ ಕೇಳಬೇಕಾದರೆ ಮಾತು ಬೇಕು. ಮಗಳ ಮದುವೆ, ಮೋಟರು ಸುಟ್ಟದ್ದು, ಎಮ್ಮೆ ಸತ್ತದ್ದು ಹೇಳಿಕೊಳ್ಳಬೇಕು. ಹೇಳಿಕೊಳ್ಳುತ್ತಲೇ ಅವರಿಗೆ ಕನ್ನಡ ಬಂತು. ಬಿಲ್ಲಿಂಗ್ ಕೌಂಟರಿನಲ್ಲಿ ಮಾತಿಗೆ ಕೆಲಸವೇ ಇಲ್ಲ. ಯಂತ್ರ ಕುಂಯ್ ಅನ್ನುತ್ತದೆ, ಫೋನು ತೋರಿಸುತ್ತೀರಿ, ಹೊರಗೆ ಬರುತ್ತೀರಿ.

ಆ ಕೌಂಟರಿನ ಈಚೆ ಬದಿಯಲ್ಲಿ ನಾನು ಮೂರು ವರ್ಷ ನಿಂತಿದ್ದೇನೆ, ಬೆಂಗಳೂರಿನಲ್ಲಿ. ಅಂಗಡಿಯ ಹೆಸರು ಬೇಡ, ಇಂಥವು ಬಹಳ ಇವೆ. ಅಂಗಿಯ ಮೇಲೆ ಅಂಗಡಿಯ ಹೆಸರು, ಸಂಬಳದ ಚೀಟಿಯ ಮೇಲೆ ಯಾವುದೋ ಏಜೆನ್ಸಿಯ ಹೆಸರು. ನಾನು ಸಹಿ ಹಾಕಿದ ಕಾಗದ ಎಂಟು ಪುಟ ಇಂಗ್ಲಿಷು. ಏನಿದೆ ಎಂದು ಕೇಳಿದ್ದಕ್ಕೆ "ಎಲ್ಲರೂ ಹಾಕಿದ್ದಾರೆ" ಅಂದರು. ಆಮೇಲೆ ಗೊತ್ತಾಯಿತು, ಸಾಮಾನು ಕಳುವಾದರೆ ಆ ಸಾಲಿನವರ ಸಂಬಳದಲ್ಲಿ ಮುರಿಯುವ ಮಾತು ಅದರಲ್ಲಿತ್ತು. ನನ್ನ ಪಕ್ಕದ ಕೌಂಟರಿನ ಅಕ್ಕ ಮಂಡ್ಯ ಕಡೆಯವರು. ಬೆಳಿಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲ. ಕುಡಿದರೆ ಶೌಚಾಲಯಕ್ಕೆ ಹೋಗಬೇಕು, ಹೋದರೆ ಸೂಪರ್‌ವೈಸರ್ ಗಡಿಯಾರ ನೋಡುತ್ತಾನೆ. ಒಂದು ದಿನ ಅಜ್ಜಿಯೊಬ್ಬರು ಹುರಿಗಡಲೆ ಎಲ್ಲಿದೆ ಎಂದು ಕೇಳಿದರು. ಕನ್ನಡದಲ್ಲಿ ಹೇಳಿ, ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದೆ. ಸಂಜೆ ನನಗೆ ಬುದ್ಧಿವಾದ: ಗಿರಾಕಿಗೆ ಮೊದಲು ಹಿಂದಿಯಲ್ಲಿ ನಮಸ್ಕಾರ ಹೇಳಬೇಕಂತೆ, ಜಾಗ ಬಿಟ್ಟು ಕದಲಬಾರದಂತೆ.

ಕೇರಳದಲ್ಲಿ ಏನಾಯಿತು ನೋಡಿ. ಕೋಝಿಕ್ಕೋಡಿನ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಕೇರಳ ಕಾನೂನು ತಿದ್ದಿತು, ಅಂಗಡಿಯವನು ಕುರ್ಚಿ ಇಡಬೇಕು ಎಂದು. 2021ರಲ್ಲಿ ತಮಿಳುನಾಡೂ ಮಾಡಿತು. ನಾವು ಕನ್ನಡಿಗರು ಆ ಹೊತ್ತಿಗೆ ಬೋರ್ಡು ಎಣಿಸುತ್ತಿದ್ದೆವು.

ಸಿಟ್ಟಾಗಬೇಡಿ. ಬೋರ್ಡಿನ ಹೋರಾಟ ಸಣ್ಣದಲ್ಲ. 2023ರ ಡಿಸೆಂಬರ್ 27ರಂದು ಬೆಂಗಳೂರಿನಲ್ಲಿ ಆದ ಪ್ರತಿಭಟನೆ, ಬಂಧನಗಳು ಇಲ್ಲದಿದ್ದರೆ 2024ರಲ್ಲಿ ಫಲಕದ ಶೇಕಡಾ 60 ಭಾಗ ಕನ್ನಡ ಎಂಬ ತಿದ್ದುಪಡಿ ಬರುತ್ತಿರಲಿಲ್ಲ. ಆದರೆ ದೊಡ್ಡ ಕಂಪನಿಗೆ ಬೋರ್ಡು ಬದಲಿಸುವುದು ಒಂದು ರಾತ್ರಿಯ ಕೆಲಸ, ಒಂದು ದಿನದ ಲಾಭದಷ್ಟು ಖರ್ಚಿಲ್ಲ. ಒಳಗಿನದನ್ನು ಮುಟ್ಟಿದಾಗ ಏನಾಗುತ್ತದೆ ಗೊತ್ತಲ್ಲ. ಸರೋಜಿನಿ ಮಹಿಷಿ ವರದಿ 1986ರದು. 2024ರ ಜುಲೈನಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಯಲ್ಲಿ ಶೇಕಡಾ 50, ಉಳಿದವುಗಳಲ್ಲಿ 70 ಎಂಬ ಮಸೂದೆಗೆ ಸಚಿವ ಸಂಪುಟ ಒಪ್ಪಿತು. ಉದ್ಯಮಿಗಳು ಹುಬ್ಬು ಗಂಟಿಕ್ಕಿದರು. ಕೆಲವೇ ದಿನದಲ್ಲಿ ತಡೆ ಬಿತ್ತು.

ಚೀಲದ ಮಾತು ಮರೆಯಬಾರದು. ಪೊಟ್ಟಣದ ಸಾಮಾನಿನ ವಿವರ ದೇವನಾಗರಿಯ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಬೇಕು, ಬೇರೆ ಭಾಷೆ ಬೇಕಾದರೆ ಜೊತೆಗೆ ಹಾಕಿಕೊಳ್ಳಬಹುದು ಎಂದು ಕೇಂದ್ರದ 2011ರ ನಿಯಮ ಬಂತು. ಬೆಳೆದವನ ಭಾಷೆ ಬೇಕಾದರೆ! ರಾಜ್ಯದಲ್ಲಿ ತಯಾರಾದ ವಸ್ತುಗಳ ಮೇಲೆ ಕನ್ನಡ ಇರಬೇಕು ಎಂದು 2025ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರ ಆದೇಶ ಹೊರಡಿಸಿತು. ನಿಮ್ಮ ಮನೆಯ ಅಕ್ಕಿ ಚೀಲ ತಿರುಗಿಸಿ ನೋಡಿ, ಕಂಡದ್ದನ್ನು ನಮಗೂ ಬರೆಯಿರಿ.

ಹೊರಗಿನವರನ್ನು ಓಡಿಸಿದರೆ ಎಲ್ಲ ಸರಿಯಾಗುತ್ತದೆ ಎನ್ನುವವರು ನಮ್ಮಲ್ಲಿದ್ದಾರೆ. ಅಮೆರಿಕದ ವಾಲ್‌ಮಾರ್ಟ್ 1962ರಲ್ಲಿ ಅರ್ಕಾನ್ಸಾ ರಾಜ್ಯದ ಸಣ್ಣ ಊರಲ್ಲಿ ಒಂದು ರಿಯಾಯಿತಿ ಅಂಗಡಿಯಾಗಿ ಶುರುವಾದದ್ದು. ಅದು ಬೆಂಗಳೂರಿಗೆ ಬಾಗಿಲಿನಿಂದ ಬರಲಿಲ್ಲ. 2007ರಲ್ಲಿ ಕನ್ನಡ ನೆಲದಲ್ಲೇ ಪುಸ್ತಕ ಮಾರಲು ಶುರು ಮಾಡಿದ ಫ್ಲಿಪ್‌ಕಾರ್ಟಿನ ಶೇಕಡಾ 77 ಪಾಲನ್ನು 2018ರಲ್ಲಿ 1,600 ಕೋಟಿ ಡಾಲರಿಗೆ ಕೊಂಡು ಬಂತು. 1993ರಲ್ಲಿ ಬಳ್ಳಾರಿಯಲ್ಲಿ ಕಾರ್ಗಿಲ್, 1996ರಲ್ಲಿ ಬೆಂಗಳೂರಿನಲ್ಲಿ ಕೆಂಟಕಿ ಕೋಳಿ ಅಂಗಡಿ, ಇವುಗಳ ಮೇಲೆ ರೈತ ಸಂಘ ನುಗ್ಗಿದಾಗ ಶತ್ರುವಿಗೆ ಒಂದು ಕಟ್ಟಡವಿತ್ತು. ಈಗ ಅದು ನಿಮ್ಮ ಜೇಬಿನಲ್ಲಿದೆ.

ದೇಶದವರೇನು ಕಡಿಮೆ? ಚೆನ್ನೈಯ ಸುಭಿಕ್ಷ ಬೆಂಗಳೂರಿನ ಬೀದಿಬೀದಿಗೂ ಬಂದಿತ್ತು, ದೇಶದಲ್ಲಿ 1,600 ಅಂಗಡಿ. 2009ರಲ್ಲಿ ಬಾಗಿಲು ಹಾಕಿತು, ಕೆಲಸದವರ ಸಂಬಳ ಬಾಕಿ ಇಟ್ಟು. 2003ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ಮೆಟ್ರೊವನ್ನು ರಿಲಯನ್ಸ್ ಕೊಂಡಿತು. ಬಿಗ್ ಬಜಾರ್ 2022ರಲ್ಲಿ ಮುಳುಗಿತು. ಪ್ರತಿ ಸಲವೂ ಸಾವಿರಾರು ಹುಡುಗ ಹುಡುಗಿಯರು ಬೇರೆ ಬಣ್ಣದ ಅಂಗಿ ಹುಡುಕಿಕೊಂಡು ಹೊರಟರು.

ಹಾಗಾದರೆ ಏನು ಮಾಡಬೇಕು ಎಂದು ನೀವು ಕೇಳಿದಿರಿ. ಮುಂದಿನ ಸಲ ಬೋರ್ಡು ನೋಡಲು ಹೋದಾಗ ಒಳಗೂ ಹೋಗಿ. ಕೌಂಟರಿನ ಹಿಂದೆ ಕುರ್ಚಿ ಇದೆಯಾ ನೋಡಿ. ನೇಮಕಾತಿ ಪತ್ರ ಕೊಟ್ಟಿದ್ದಾರಾ, ಅದು ಕನ್ನಡದಲ್ಲಿದೆಯಾ ಕೇಳಿ. ನಮ್ಮ 1961ರ ಅಂಗಡಿ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಅಂದಿತ್ತು. ಅದನ್ನು ಹಿಗ್ಗಿಸುವ ಪ್ರಸ್ತಾಪ 2025ರ ಜೂನಿನಲ್ಲಿ ಬಂದಾಗ ಕಾರ್ಮಿಕ ಸಂಘಗಳು ಬೀದಿಗಿಳಿದವು. ನಮ್ಮ ಕನ್ನಡದ ಬಾವುಟಗಳು ಅಲ್ಲಿ ಎಷ್ಟಿದ್ದವು? ಆ ಕೌಂಟರಿನಲ್ಲಿ ಅಸ್ಸಾಮಿನ ಹುಡುಗ ನಿಂತಿದ್ದರೆ ಅವನ ಮೇಲೆ ಕೂಗಾಡಬೇಡಿ. ಅವನೂ ನೀರು ಕುಡಿಯದೆ ನಿಂತಿರುತ್ತಾನೆ. ಕನ್ನಡ ಕಲಿಯಲು ಅವನಿಗೆ ಸಮಯ ಕೊಡಿ ಎಂದು ಮ್ಯಾನೇಜರನನ್ನು ಹಿಡಿಯಿರಿ.

ನನ್ನ ಮಾತು ಉದ್ದವಾಯಿತು. ಸಿಂಧನೂರಿನ ಗಂಜಿನಲ್ಲಿ ಇನ್ನೊಂದು ತಾಸಿಗೆ ಹಮಾಲರು ಊಟಕ್ಕೆ ಬಿಡುತ್ತಾರೆ. ಬೆಂಗಳೂರಿನವರು ಬರುತ್ತಾರೆ ಎಂದು ಹೇಳಿಟ್ಟಿದ್ದೇನೆ. ಈಗ ಹೊರಟರೆ ಅವರ ಜೊತೆಗೇ ಕೂತು ಊಟ ಮಾಡಬಹುದು. ಪ್ರಶ್ನೆಗಳನ್ನು ಅಲ್ಲೇ ಕೇಳಿ, ನನಗಿಂತ ಅವರು ಚೆನ್ನಾಗಿ ಹೇಳುತ್ತಾರೆ. ನಡೀರಿ.