ಕೈದಿಗೆ ಕೈದಿಯೇ ಮೇಷ್ಟ್ರು



ಮನೆಯಿಂದ ಬಂದ ಪತ್ರವನ್ನು ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾದ ಕೈದಿಯ ಸಂಕಟವನ್ನು ಊಹಿಸಿಕೊಳ್ಳಿ. ಶಾಲೆಯಲ್ಲಿ ಒಮ್ಮೆ ಸೋತವನಿಗೆ ಮೇಷ್ಟ್ರೆಂದರೆ ಅಳುಕು. (ಅದರಲ್ಲಿ ನಮ್ಮ ಬೆತ್ತದ ಪಾಲೂ ಇದೆ!) ಓದು ಬಾರದೆಂದು ಹೇಳಿಕೊಳ್ಳಲು ನಾಚಿಕೆ.

ಬ್ರಿಟನ್ನಿನಲ್ಲಿ ಕ್ರಿಸ್ಟೋಫರ್ ಮಾರ್ಗನ್ ಎಂಬ ರೈತರು ಜೀವಾವಧಿ ಕೈದಿ ಟಾಮ್ ಶಾನನ್ ಜೊತೆ ನಡೆಸಿದ ಪತ್ರವ್ಯವಹಾರ ಪುಸ್ತಕವಾಯಿತು. ಅದರಿಂದ ಬಂದ ಹಣದಲ್ಲಿ 1997ರಲ್ಲಿ ಶಾನನ್ ಟ್ರಸ್ಟ್ ಸ್ಥಾಪನೆಯಾಯಿತು. ಅದರ ಯೋಜನೆಯಲ್ಲಿ ಓದು ಬಲ್ಲ ಕೈದಿ, ಓದು ಬಾರದವನ ಪಕ್ಕ ದಿನಕ್ಕೆ ಸುಮಾರು 20 ನಿಮಿಷ ಕೂರುತ್ತಾನೆ. ತರಗತಿಯಿಲ್ಲ, ಪರೀಕ್ಷೆಯಿಲ್ಲ. ತನ್ನಂತೆಯೇ ಶಿಕ್ಷೆ ಅನುಭವಿಸುವವನ ಮುಂದೆ ತಪ್ಪು ಓದಲು ಯಾರೂ ಅಷ್ಟು ಅಂಜುವುದಿಲ್ಲ. ಕಲಿಸುವವನಿಗೂ ಲಾಭವುಂಟು, ಅಪರಾಧಿಯೆಂದೇ ಕರೆಸಿಕೊಂಡವನ ಬರವಿಗಾಗಿ ಈಗ ಒಬ್ಬ ಶಿಷ್ಯ ಕಾದಿರುತ್ತಾನೆ.

ನಮ್ಮ ತಿಹಾರ್ ಜೈಲಿನಲ್ಲೂ 'ಪಢೋ ಔರ್ ಪಢಾವೋ' ಹೆಸರಿನಲ್ಲಿ ಅಕ್ಷರ ಬಲ್ಲ ಕೈದಿಗಳು ಉಳಿದವರಿಗೆ ಕಲಿಸಿದ್ದಾರೆ.

ಹತ್ತನೇ ತರಗತಿಯ ಮಕ್ಕಳೇ, ಓದಲು ತಡವರಿಸುವ ಒಬ್ಬ ತಮ್ಮನೋ ತಂಗಿಯೋ ನಿಮ್ಮ ಬೀದಿಯಲ್ಲೂ ಇರಬಹುದು. ನಾಳೆಯಿಂದ 20 ನಿಮಿಷ ಕೊಡುವಿರಾ?