ನಾಲ್ಕನೆಯ ಹೊಗೆಕೊಳವೆ



1914ರ ಸೆಪ್ಟೆಂಬರ್ 22, ರಾತ್ರಿ ಒಂಬತ್ತೂವರೆಯ ಸುಮಾರು. ಯುರೋಪಿನಲ್ಲಿ ಮಹಾಯುದ್ಧ ಹೊತ್ತಿಕೊಂಡು ಏಳು ವಾರ ಕಳೆದಿದ್ದರೂ ಮದರಾಸಿನ ಕಡಲಂಚಿನ ದೀಪಗಳು ಎಂದಿನಂತೆ ಉರಿಯುತ್ತಿದ್ದವು. ಕತ್ತಲೊಳಗಿಂದ ಒಂದು ಸರ್ಚ್‌ಲೈಟು ಫಕ್ಕನೆ ಹೊತ್ತಿ ಬರ್ಮಾ ಆಯಿಲ್ ಕಂಪನಿಯ ಟ್ಯಾಂಕುಗಳ ಮೇಲೆ ನಿಂತಿತು. ಅದರ ಹಿಂದೆಯೇ ಫಿರಂಗಿ. ನೂರಿಪ್ಪತ್ತಕ್ಕೂ ಹೆಚ್ಚು ಗುಂಡುಗಳು ಹಾರಿದವು, ಎಣ್ಣೆ ಧಗಧಗ ಉರಿಯಿತು, ಸಾವುನೋವಾಯಿತು. ಹಡಗು ದೀಪ ಬೆಳಗಿಸಿಕೊಂಡೇ ಉತ್ತರಕ್ಕೆ ಹೊರಟಿತು, ದಡದವರ ಕಣ್ಣಿಗೆ ಬೀಳಲೆಂದೇ. ಸ್ವಲ್ಪ ದೂರ ಹೋದ ಮೇಲೆ ದೀಪ ಆರಿಸಿ ದಕ್ಷಿಣಕ್ಕೆ ತಿರುಗಿಬಿಟ್ಟಿತು.

ಅದು ಜರ್ಮನಿಯ ಎಮ್ಡೆನ್. ಕ್ಯಾಪ್ಟನ್, ಕಾರ್ಲ್ ಫಾನ್ ಮುಲ್ಲರ್. ಆ ರಾತ್ರಿಯ ನೆನಪಿನ ಫಲಕ ಮದರಾಸು ಹೈಕೋರ್ಟಿನ ಆವರಣದಲ್ಲಿ ಇವತ್ತಿಗೂ ಇದೆ. ಗಟ್ಟಿಗನನ್ನು, ಕೈಗೆ ಸಿಗದ ಚಾಲಾಕಿಯನ್ನು 'ಎಮ್ಡನ್' ಎಂದು ಕರೆಯುವ ರೂಢಿ ತಮಿಳು, ಮಲಯಾಳಗಳಲ್ಲಿ ಬಂತು. ಈ ಹಡಗನ್ನು ಬೆನ್ನಟ್ಟಿದ ಪ್ರಸಂಗ ಕತೆಯಾಗಿ ಬೆಳೆದ ಬಗೆಯನ್ನು ಇವತ್ತು ನಿಮ್ಮ ಮುಂದಿಡುತ್ತೇನೆ.

ಕತೆಯನ್ನು ಮೊದಲು ಬರೆದವರು ಅದರೊಳಗೇ ಇದ್ದವರು. ಹಡಗಿನಲ್ಲಿ ಕ್ಯಾಪ್ಟನ್ನನ ನಂತರದ ಅಧಿಕಾರಿಯಾಗಿದ್ದ ಹೆಲ್ಮುತ್ ಫಾನ್ ಮ್ಯೂಕೆ 1915ರಲ್ಲೇ ಎರಡು ಪುಸ್ತಕ ತಂದ. ಜರ್ಮನರು 1926ರಲ್ಲಿ ಮೂಕಿ ಚಿತ್ರ ತೆಗೆದರು. ಎರಡು ವರ್ಷದ ನಂತರ ಆಸ್ಟ್ರೇಲಿಯಾದ ಕೆನ್ ಹಾಲ್ ಅದೇ ಚಿತ್ರಕ್ಕೆ ತಮ್ಮವರ ಕಡೆಯ ದೃಶ್ಯಗಳನ್ನು ಹೊಸದಾಗಿ ತೆಗೆದು ಸೇರಿಸಿ ತನ್ನ ದೇಶದಲ್ಲಿ ತೋರಿಸಿದ. ಓಡಿದವರ ಕತೆಗೆ ಅಟ್ಟಿಸಿಕೊಂಡು ಬಂದವರು ಹೊಲಿಗೆ ಹಾಕಿದ್ದು! ನನಗಂತೂ ಇದು ಬಹಳ ಹಿಡಿಸುತ್ತದೆ. ಇಂಥ ಕತೆಯಲ್ಲಿ ಕೇಳುವವನ ಜೀವ ಎರಡೂ ಹಡಗಿನಲ್ಲಿರುತ್ತದೆ. ಓಡುವವನು ಸಿಕ್ಕಿಬೀಳಬೇಕು ಅಂತಲೂ ಅನಿಸುತ್ತದೆ, ತಪ್ಪಿಸಿಕೊಳ್ಳಲಿ ಅಂತಲೂ ಅನಿಸುತ್ತದೆ.

ಉಸಿರು ಬಿಗಿಹಿಡಿಸುವುದು ಫಿರಂಗಿಯ ಸದ್ದು ಅಂತ ನಾವು ಅಂದುಕೊಳ್ಳುತ್ತೇವೆ. ಎಮ್ಡೆನ್ ಕತೆಯಲ್ಲಿ ಆ ಕೆಲಸ ಮಾಡುವುದು ಒಬ್ಬನಿಗೆ ಗೊತ್ತಿದ್ದು ಇನ್ನೊಬ್ಬನಿಗೆ ಗೊತ್ತಿಲ್ಲದ ಸಂಗತಿ. ಎಮ್ಡೆನ್‌ಗೆ ಇದ್ದದ್ದು ಮೂರು ಹೊಗೆಕೊಳವೆ. ಬ್ರಿಟಿಷರ ಯಾರ್ಮತ್‌ನಂಥ ಹಡಗುಗಳಿಗೆ ನಾಲ್ಕು. ಕ್ಯಾನ್ವಾಸು ಕಟ್ಟಿ ನಾಲ್ಕನೆಯದನ್ನು ಹುಟ್ಟಿಸಿದರು. ಮೊದಲು ಕಟ್ಟಿದ್ದು ಚಪ್ಪಟೆ ಪರದೆ, ಓರೆಯಿಂದ ನೋಡಿದರೆ ಗುಟ್ಟು ರಟ್ಟು. ಆಮೇಲೆ ಉಬ್ಬು ಕೊಟ್ಟು ಸರಿಮಾಡಿದರು. ಆ ಬಟ್ಟೆಯ ಕೊಳವೆಯನ್ನು ನಂಬಿಯೇ ಅಕ್ಟೋಬರ್ 28ರ ನಸುಕಿನಲ್ಲಿ ಪಿನಾಂಗ್ ಬಂದರಿನೊಳಗೆ ನುಗ್ಗಿ, ಲಂಗರು ಹಾಕಿದ್ದ ರಷ್ಯದ ಜೆಮ್‌ಚುಗ್ ಯುದ್ಧನೌಕೆಯನ್ನು ಮುಳುಗಿಸಿದರು.

ಹ್ಯಾಂಪ್‌ಶೈರ್, ಯಾರ್ಮತ್, ಜಪಾನಿನ ಚಿಕುಮಾ ಎಲ್ಲವೂ ಇದೊಂದನ್ನೇ ಹುಡುಕುತ್ತಿದ್ದವು. ಎಮ್ಡೆನ್ ಮಾತ್ರ ತನ್ನ ವೈರ್‌ಲೆಸ್ಸಿನ ಬಾಯಿ ಮುಚ್ಚಿ ಕಿವಿ ತೆರೆದುಕೊಂಡು ಸಾಗುತ್ತಿತ್ತು. ದಾರಿಯಲ್ಲಿ ಹಿಡಿದ ವ್ಯಾಪಾರಿ ಹಡಗುಗಳಲ್ಲಿ ಸಿಕ್ಕ ಪತ್ರಿಕೆಗಳಲ್ಲಿ ಅದರ ನಾವಿಕರು ತಮ್ಮದೇ ಸುದ್ದಿ ಓದಿದರು. ಇಂಡಸ್ ಎಂಬ ಹಡಗಿನಿಂದ ಅವರಿಗೆ ಪೆಟ್ಟಿಗೆಗಟ್ಟಲೆ ಸಾಬೂನು ಸಿಕ್ಕಿತ್ತು. ಅದನ್ನು ತಯಾರಿಸಿದ ಕಂಪನಿ, ಎಮ್ಡೆನ್ ಬೆನ್ನು ಹತ್ತಿದ್ದು ನಮ್ಮ ಸಾಬೂನಿಗಾಗಿಯೇ ಎಂಬರ್ಥದ ಜಾಹೀರಾತು ಕೊಟ್ಟಿತ್ತು. ಸೆರೆಸಿಕ್ಕ ನಾವಿಕರನ್ನು ಮುಲ್ಲರ್ ಗೌರವದಿಂದ ನಡೆಸಿಕೊಂಡು ದಡ ಸೇರಿಸುತ್ತಿದ್ದ. ಶತ್ರುವಿನ ಪತ್ರಿಕೆಗಳೂ ಅವನನ್ನು ಸಭ್ಯನೆಂದು ಹೊಗಳಿದವು.

ಕತೆಯ ಅತ್ಯಂತ ಮೌನವಾದ ಭಾಗ ಬ್ರಿಟಿಷರ ವಶದಲ್ಲಿದ್ದ ಡಿಯೆಗೊ ಗಾರ್ಸಿಯಾ ದ್ವೀಪದ್ದು. ತಿಂಗಳುಗಟ್ಟಲೆ ಹಡಗು ಸುಳಿಯದ ಆ ಊರಿಗೆ ಅಕ್ಟೋಬರ್ ಬಂದರೂ ಯುದ್ಧದ ಸುದ್ದಿಯೇ ತಲುಪಿರಲಿಲ್ಲ. ಎಮ್ಡೆನ್ ಅಲ್ಲಿಗೆ ಬಂದಾಗ ಅಲ್ಲಿಯ ಮ್ಯಾನೇಜರ್ ಈ ಅತಿಥಿಗಳಿಗೆ ಹಣ್ಣು, ಮೀನು, ಹಂದಿ ಕಳಿಸಿಕೊಟ್ಟ. ಜರ್ಮನರು ಅವನ ಕೆಟ್ಟ ಮೋಟಾರ್ ದೋಣಿಯನ್ನು ರಿಪೇರಿ ಮಾಡಿಕೊಟ್ಟು, ತಮ್ಮ ಹಡಗಿನ ತಳ ಕೆರೆದು, ಕಲ್ಲಿದ್ದಲು ತುಂಬಿಕೊಂಡು ಹೊರಟುಹೋದರು. ಒಂದು ಗುಂಡೂ ಹಾರಲಿಲ್ಲ. ಆದರೂ ಈ ಪುಟ ಓದುವಾಗ ಪ್ರತಿ ಮಾತಿಗೂ ಎದೆ ಡವಗುಡುತ್ತದೆ.

ನವೆಂಬರ್ 9. ಕೋಕೋಸ್ ದ್ವೀಪಗಳ ಪೈಕಿ ಡೈರೆಕ್ಷನ್ ದ್ವೀಪ. ಸಮುದ್ರದಡಿಯ ತಂತಿಗಳು ಕೂಡುವ ತಾಣ. ಅದನ್ನು ಕಡಿಯಲೆಂದು ಮ್ಯೂಕೆ ಐವತ್ತು ಜನರೊಂದಿಗೆ ದಡಕ್ಕಿಳಿದ. ಅಷ್ಟರೊಳಗೆ ತಂತಿ ಕಚೇರಿಯವರು, ಅಪರಿಚಿತ ಹಡಗು ಬಂದಿದೆ ಎಂದು ವೈರ್‌ಲೆಸ್ಸಿನಲ್ಲಿ ಕೂಗಿಬಿಟ್ಟಿದ್ದರು. ವೈರ್‌ಲೆಸ್ ಕಂಬ ಬೀಳಿಸುವಾಗ ಟೆನಿಸ್ ಅಂಗಳ ಹಾಳಾಗದಿರಲಿ ಎಂದು ಅವರು ಕೇಳಿಕೊಂಡರು. ಜರ್ಮನರು ಕಂಬವನ್ನು ಬೇರೆ ದಿಕ್ಕಿಗೆ ಬೀಳಿಸಿದರು. ಶತ್ರುವಿನ ಹಡಗೊಂದು ಉತ್ತರಿಸಿದ್ದನ್ನು ಎಮ್ಡೆನ್ ಕೇಳಿಸಿಕೊಂಡಿತು. ದನಿ ಕ್ಷೀಣವಾಗಿತ್ತು, ತುಂಬಾ ದೂರದ್ದೆಂದು ಅಂದಾಜು ಮಾಡಿದರು.

ಸುಮಾರು 80 ಕಿಲೋಮೀಟರ್ ಆಚೆ 38 ಹಡಗುಗಳ ಸಾಲು ಬೆಂಗಾವಲಿನೊಂದಿಗೆ ಸಾಗುತ್ತಿತ್ತು. ಅದರಲ್ಲಿದ್ದವರು ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಸೈನಿಕರು. ಬೆಂಗಾವಲಿನಿಂದ ಸಿಡ್ನಿ ಎಂಬ ಯುದ್ಧನೌಕೆ ಬೇರ್ಪಟ್ಟು ಪೂರ್ತಿ ವೇಗದಲ್ಲಿ ಹೊರಟಿತ್ತು. ದೂರದಲ್ಲಿ ಹೊಗೆ ಕಂಡಾಗ ಎಮ್ಡೆನ್‌ನವರು ತಮ್ಮದೇ ಕಲ್ಲಿದ್ದಲು ಹಡಗು ಬರುತ್ತಿದೆ ಎಂದುಕೊಂಡರು. ಗೊತ್ತಿಲ್ಲದವರ ಸರದಿ ಈಗ ಅವರದು. ದಡದವರನ್ನು ಕರೆಯಲು ಸೈರನ್ ಕೂಗಿತು. ದೋಣಿಗಳು ಮುಟ್ಟುವ ಮೊದಲೇ ಹಡಗು ಲಂಗರು ಎತ್ತಿ ಹೊರಟಿತ್ತು.

ಕಾದಾಟ ಎರಡು ಗಂಟೆಯೊಳಗೆ ಮುಗಿಯಿತು. ಸಿಡ್ನಿಯ ಫಿರಂಗಿಗಳು ದೊಡ್ಡವು. ಮುಲ್ಲರ್ ಹಡಗನ್ನು ಉತ್ತರ ಕೀಲಿಂಗ್ ದ್ವೀಪದ ಬಂಡೆಗಳ ಮೇಲೆ ಏರಿಸಿದ. ನೂರಮೂವತ್ತಕ್ಕೂ ಹೆಚ್ಚು ಜನ ಸತ್ತಿದ್ದರು.

ಆದರೆ ದ್ವೀಪದ ಮೇಲಿದ್ದ ಮ್ಯೂಕೆಗೆ ಕೊನೆಗೆ ಕಂಡದ್ದು ಇಷ್ಟೇ: ಎರಡು ಹೊಗೆಗಳು ದಿಗಂತದಾಚೆ ಇಳಿದುಹೋದವು. ದಂಡೆಯಲ್ಲಿ ಆಯೇಷಾ ಎಂಬ 97 ಟನ್ನಿನ ಹಾಯಿಹಡಗು ನಿಂತಿತ್ತು. ತಳ ಕೊಳೆತಿದೆ ಎಂದು ದ್ವೀಪದವರು ಎಚ್ಚರಿಸಿದರು. ಆದರೂ ತಿನ್ನಲು, ಉಡಲು ಕೊಟ್ಟು, ಜೈಕಾರ ಹಾಕಿ ಬೀಳ್ಕೊಟ್ಟರು. ತಮ್ಮ ಹಡಗು ಉಳಿದಿದೆಯೋ ಇಲ್ಲವೋ ತಿಳಿಯದೆ, ಕತ್ತಲು ಕವಿಯುವಾಗ ಐವತ್ತು ಜನ ಹಾಯಿ ಬಿಚ್ಚಿದರು. ಮರುದಿನ ಬೆಳಿಗ್ಗೆ ಅವರನ್ನು ಹಿಡಿಯಲು ಸಿಡ್ನಿ ಬಂತು. ದಂಡೆ ಖಾಲಿಯಾಗಿತ್ತು.